ದೂತಲಕ್ಷಣ

ಗ್ರಂಥಭಂಡಾರದ ಮಹಡಿಯಲ್ಲಿ ಉಪೇಕ್ಷಾ ಹಳೆಯ ತಾಳೆಗರಿಗೆ ಮಸಿಯೆಣ್ಣೆ ಸವರಿದಳು. ಗರಿಯೆಲ್ಲ ಕಪ್ಪಾಯಿತು. ಮೇಲೊಂದಿಷ್ಟು ರಾಗಿಹಿಟ್ಟು ಉದುರಿಸಿ ಬಟ್ಟೆಯಿಂದ ಒರೆಸಿದಾಗ ಕೊರೆದ ಅಕ್ಷರಗಳಲ್ಲಷ್ಟೇ ಮಸಿ ಉಳಿಯಿತು.

“ರೊಟ್ಟಿ ತಟ್ಟೋ ಹಿಟ್ಟನ್ನ ಹೀಗಾ ಹಾಳ್ಮಾಡೋದು!” ಮುದಿಯನ್ಸೆ ನಕ್ಕ.

“ನಿಮ್ಮನೆ ಗೆದ್ದಲಿಗೆ ಹೇಳಿ ಮಾಮ. ಇನ್ನೊಂದು ವರ್ಷ ಬಿಟ್ಟು ತಂದಿದ್ರೆ ಕಟ್ಟಿನ ಹಲಗೆ ಮಾತ್ರ ಸಿಗ್ತಿತ್ತು.”

“ಅಪ್ಪ ಹೋದ್ಮೇಲೆ ಒಲೆ ಮೇಲಿಂದ ಇಳಿಸಿದ್ದೇ ತಪ್ಪಾಯ್ತು ನೋಡು,” ಎನ್ನುತ್ತಾ ಅವನು ಕಟ್ಟನ್ನು ಭಂಡಾರಕ್ಕೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕಲು ಕೆಳಗಿನ ಕೋಣೆಗೆ ಇಳಿದ.

ಅವನ ಹೆಂಡತಿ ಬಿಸೋಮೆಣಿಕೆ ಕುರ್ಚಿಯಲ್ಲೇ ಉಳಿದಳು. ಮಾವ ಊರಿಗೆಲ್ಲ ಹಾವಿನ ವೈದ್ಯರು. ಈ ಕಟ್ಟು ಹೊಗೆ ಕುಡಿಯುತ್ತಾ ಒಲೆಯ ಮೇಲಿನ ಅಟ್ಟದಲ್ಲಿರುತ್ತಿತ್ತು. ಅದರ ಕೆಳಗೇ ಅವಳು ವರ್ಷಗಟ್ಟಲೆ ಅನ್ನ ಬೇಯಿಸಿದ್ದಳು, ಆದರೆ ಅದನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ಬಿಚ್ಚಿದ್ದನ್ನು ಇವತ್ತೇ ನೋಡಿದ್ದು.

“ಮಗಳೇ, ಹಾವು ಕಚ್ಚಿದಾಗ ವೈದ್ಯರನ್ನ ಕರೆಯೋಕೆ ಬರ್ತಾರಲ್ಲ, ಅವರ ಬಗ್ಗೆ ಒಂದು ಗರಿ ಇರ್ಬೇಕು. ಓದಿ ಹೇಳ್ತೀಯಾ?”

“ದೂತಲಕ್ಷಣವಾ? ಇರ್ಲೇಬೇಕು ಅಮ್ಮ.” ಉಪೇಕ್ಷಾ ಗರಿಗಳನ್ನು ಸರಿಸಿ ಒಂದರ ಮೇಲೆ ಬೆರಳಿಟ್ಟಳು. “ಕೂದಲು ಒದ್ದೆಯಾಗಿ ಬಂದರೆ, ಬಾಗಿಲ ಚೌಕಟ್ಟು ಹಿಡಿದು ನಿಂತರೆ, ಮಾತು ತೊದಲಿದರೆ, ಕಚ್ಚಿಸಿಕೊಂಡವರು ಉಳಿಯರು.”

ಎಷ್ಟೋ ವರ್ಷಗಳ ಹಿಂದೆ ಒಂದು ದಿನ ಬಿಸೋಮೆಣಿಕೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಸೌದೆ ರಾಶಿಯ ಬಳಿ ಆಡುತ್ತಿದ್ದ ಮಗಳು ಸುದುವಿಗೆ ಕೊಳಕುಮಂಡಲ ಕಚ್ಚಿತು. ಗದ್ದೆ ದಾಟಿ ಮಾವನ ಮದ್ದಿನ ಮನೆಗೆ ಓಡಿದಳು. ಉಸಿರು ಸಿಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾವ ಅವಳ ಕೂದಲು ನೋಡಿದರು, ಕೈ ನೋಡಿದರು. ಯಾರಿಗೆ ಎಂದು ಕೇಳುವ ಮೊದಲೇ ಒಂದು ಗಳಿಗೆ ಕಣ್ಣು ಮುಚ್ಚಿದರು.

ಆಮೇಲೆ ಮದ್ದಿನ ಚೀಲ ಎತ್ತಿಕೊಂಡು ಬಂದರು, ಬರಲಿಲ್ಲವೆಂದಲ್ಲ. ಗದ್ದೆಬದುವಿನ ಮೇಲೆ ಓಡುತ್ತಿದ್ದ ಅವಳು ತಿರುಗಿ ನೋಡಿದಾಗ ಅವರು ನಡೆದು ಬರುತ್ತಿದ್ದರು.

ಸುದು ಉಳಿಯಲಿಲ್ಲ. ಮಾವ ನಡೆದು ಬಂದದ್ದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ. ಕೊನೆಯ ದಿನದವರೆಗೂ ಅವರ ತಟ್ಟೆಗೆ ಅವಳೇ ಬಡಿಸಿದಳು.

“ತಾಯಿ ಬಂದ್ರೆ?”

“ಏನಮ್ಮ?”

“ಕರೆಯೋಕೆ ಬಂದೋಳು ತಾಯೀನೇ ಆಗಿದ್ರೆ? ಅದಕ್ಕೇನಾದ್ರೂ ಬರ್ದಿದ್ಯಾ?”

ಉಪೇಕ್ಷಾ ಗರಿ ಮಗುಚಿದಳು. ಮುಂದಿನದನ್ನೂ ತುಟಿಯಲ್ಲೇ ಓದಿಕೊಂಡಳು. “ಮುದುಕ ಬಂದ್ರೆ, ಅಳ್ತಾ ಬಂದ್ರೆ, ಹುಲ್ಲು ಕಿತ್ಕೊಂಡು ಬಂದ್ರೆ... ಎಲ್ಲಾ ಇದೆ. ತಾಯಿ ಅಂತ ಎಲ್ಲೂ ಇಲ್ಲಮ್ಮ. ಯಾಕೆ?”

“ಸುಮ್ನೆ ಕೇಳ್ದೆ.”

ತನ್ನೊಳಗಿನಿಂದ ಅಳುವೋ ಸಿಟ್ಟೋ ಎದ್ದುಬರಬಹುದೆಂದು ಬಿಸೋಮೆಣಿಕೆ ಕಾದಳು. ಏನೂ ಬರಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ಹಿಟ್ಟನ್ನು ಅಂಗೈಯಿಂದ ಒಟ್ಟುಮಾಡಿ ತಟ್ಟೆಗೆ ಹಾಕಿದಳು. ರಾತ್ರಿಗೆ ಹಲಸಿನ ಬೀಜ ಬೇಯಿಸಬೇಕು ಅನ್ನಿಸಿತು.

“ಓಡಿ ಬಾರೇ, ಬಸ್ಸು ಹೋಗುತ್ತೆ!” ಕೆಳಗಿನಿಂದ ಮುದಿಯನ್ಸೆ ಕೂಗಿದ.

ಅವಳು ಎದ್ದು ಬಾಗಿಲಿಗೆ ಬಂದಳು. ಸುದು ಹೋದಂದಿನಿಂದ ಕೂದಲು ಒಣಗಿಸಿ ತುರುಬು ಬಿಗಿಯದೆ ಅಂಗಳಕ್ಕೂ ಇಳಿದವಳಲ್ಲ. ಯಾವ ಬಾಗಿಲನ್ನೂ ಚೌಕಟ್ಟು ಸೋಕದಂತೆ, ಸೆರಗು ಒತ್ತಿಹಿಡಿದು ದಾಟುತ್ತಿದ್ದಳು. ಈಗ ನೋಡಿದರೆ ಎಡಗೈ ಚೌಕಟ್ಟಿನ ಮೇಲಿತ್ತು. ಬೆರಳಿಗಂಟಿದ ಹಿಟ್ಟು ಮರದ ಮೇಲೆ ಬೂದುಬಣ್ಣಕ್ಕೆ ಮೂಡಿತ್ತು.

ಕೆಳಗಿನಿಂದ ಗಂಡ ಮತ್ತೆ ಕೂಗಿದ. ಅವಳು ಕೈ ತೆಗೆಯಲಿಲ್ಲ.