ತಗಡಿನ ಗೋಡೆಯ ತೋಟ

ಜಗಳೂರಿನ ಆ ಮನೆಯ ಅಡಿಗೆಮನೆ ಕಿಟಕಿ ತೆಗೆದರೆ ಕಾಣುವುದು ಒಂದೇ, ತುಕ್ಕು ಹಿಡಿದ ತಗಡಿನ ಶೆಡ್. ಒಳಗೆ ಗುದ್ದಲಿ, ಔಷಧಿ ಹೊಡೆಯುವ ಪಂಪು, ಹಳೆಯ ಗೋಣಿಚೀಲ. ಹೊಳೆದಂಡೆಯ ಹೊನ್ನಾಳಿಯಿಂದ ಸೊಸೆಯಾಗಿ ಬಂದ ರಕ್ಷಾ ದಿನಾ ಅದರ ಮುಖ ನೋಡಿಕೊಂಡೇ ರೊಟ್ಟಿ ತಟ್ಟಬೇಕಿತ್ತು. ರೊಟ್ಟಿಯೂ ಹಾಗೇ ಸೀದುಹೋಗುತ್ತಿತ್ತು.

ಒಂದು ಭಾನುವಾರ ಅವಳು ಹಟ ಹಿಡಿದು ಕೂತಳು. ಖಾಲಿ ನೀರಿನ ಬಾಟಲಿಗಳ ಹೊಟ್ಟೆ ಕೊಯ್ದು, ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ, ಒಂದರ ಕೆಳಗೊಂದು ಬರುವಂತೆ ತಂತಿಯಲ್ಲಿ ಶೆಡ್ಡಿನ ಗೋಡೆಗೆ ಕಟ್ಟಿದಳು. ಪುದೀನ, ದೊಡ್ಡಪತ್ರೆ, ಮೆಂತ್ಯ ಹಾಕಿದಳು.

"ಇದೇನು ನಿಮ್ಮ ಹೊನ್ನಾಳಿ ಅಂದ್ಕಂಡೀಯೇನೇ? ಕುಡಿಯಾಕೆ ನೀರಿಗೆ ಪರದಾಡ್ತೀವಿ, ಗ್ವಾಡೆಗೆ ನೀರು ಹುಯ್ಯಾಕೆ ಹೊಂಟೀಯ!" ಎಂದರು ಅತ್ತೆ ಉಚ್ಚಂಗಮ್ಮ. ಅವರ ಬಾಯಿಗೆ ಬೀಗ ಹಾಕುವವರು ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

"ಅಕ್ಕಿ ತೊಳೆದ ನೀರೇ ಸಾಕು ಅತ್ತೆ. ಮೇಲಿಂದ ಹುಯ್ದರೆ ಒಂದೊಂದೇ ಬಾಟ್ಲಿ ಇಳ್ಕಂಡು ಬರ್ತೈತೆ. ಕೆಳಗೆ ಸೋರಿದ್ದು ಕೋಳಿಗೆ."

ಲೆಕ್ಕಾಚಾರವೇನೋ ಸರಿಯಿತ್ತು. ಕೋಳಿಗಳೂ ಒಪ್ಪಿದವು. ಒಪ್ಪದೆ ಉಳಿದದ್ದು ಜಗಳೂರಿನ ಬಿಸಿಲು. ಮಧ್ಯಾಹ್ನ ತಗಡು ರೊಟ್ಟಿ ಹಂಚಿನಂತೆ ಕಾದು, ವಾರದೊಳಗೆ ಎಲೆಗಳೆಲ್ಲ ಸುರುಟಿದವು. ರಕ್ಷಾಳಿಗೆ ಅಳು ಒತ್ತರಿಸಿ ಬಂತು. ಪುದೀನವೇ ಬೇರು ಹಿಡಿಯದ ಊರಲ್ಲಿ ತಾನು ಹೇಗೆ ಬಾಳುವುದು ಎಂದು ಹೆದರಿಕೆಯಾಯಿತು. ನಾಳೆ ಎಲ್ಲ ಬಿಚ್ಚಿ ಗುಜರಿಗೆ ಹಾಕುವುದೇ ಸರಿ ಅಂದುಕೊಂಡಳು.

ಬೆಳಗ್ಗೆ ಕತ್ತರಿ ಹಿಡಿದು ಹೋದರೆ, ಅತ್ತೆ ಆಗಲೇ ಸ್ಟೂಲು ಹತ್ತಿ ನಿಂತಿದ್ದರು. ತಗಡಿಗೂ ಬಾಟಲಿಗೂ ನಡುವೆ ಬಿದಿರಿನ ಗಳವನ್ನು ದಾರದಿಂದ ಕಟ್ಟಿ, ಗೋಣಿಚೀಲ ಇಳಿಬಿಟ್ಟು, ಅದಕ್ಕೆ ನೀರು ಚಿಮುಕಿಸುತ್ತಿದ್ದರು.

"ಬೆನ್ನು ಸುಡ್ತಿದ್ರೆ ನೀನಾದ್ರೂ ನಿಂತ್ಕಂತೀಯೇನೇ? ಗಿಡಾನೂ ಅಷ್ಟೆ. ಕತ್ತರಿ ಯಾಕೆ ತಂದೆ?"

"ದಾರ ಕತ್ತರಿಸಾಕೆ ಅತ್ತೆ," ಎಂದು ಸುಳ್ಳು ಹೇಳಿ ರಕ್ಷಾ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದೊಡ್ಡಪತ್ರೆ ಮೊದಲು ಚಿಗುರಿತು, ಆಮೇಲೆ ಪುದೀನ. ಮೆಂತ್ಯವನ್ನು ಅತ್ತೆಯೇ ಮತ್ತೆ ಬಿತ್ತಿದರು. ನೋಡನೋಡುತ್ತ ತುಕ್ಕು ಮರೆಯಾಯಿತು. ಒಂದು ಸಂಜೆ ಪಕ್ಕದ ಮನೆಯ ಅಂತರಘಟ್ಟಮ್ಮ ಬೇಲಿಯಾಚೆಯಿಂದ ಇಣುಕಿದರು.

"ಏನೇ ಉಚ್ಚಂಗಿ, ನಿನ್ ಸೊಸೆ ಹೊನ್ನಾಳೀನೇ ಹೊತ್ಕಂಡು ಬಂದಂಗೈತಲ್ಲ!"

ಕಿಟಕಿಯೊಳಗೆ ರೊಟ್ಟಿ ತಟ್ಟುತ್ತಿದ್ದ ರಕ್ಷಾಳ ಕೈ ನಿಂತಿತು.

"ಹೊನ್ನಾಳಿ ಎಲ್ಲಿಂದ ಬಂತೇ?" ಉಚ್ಚಂಗಮ್ಮನವರ ದನಿ ಏರಿತು. "ಮಣ್ಣು ಜಗಳೂರಿಂದು, ಬಿಸಿಲು ಜಗಳೂರಿಂದು, ಹುಡುಗೀನೂ ಜಗಳೂರೋಳೇ. ಬೇಕಾದ್ರೆ ಪುದೀನ ಕಿತ್ಕಂಡು ಹೋಗು."

ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ರಕ್ಷಾ ಕಿಟಕಿ ಬಿಟ್ಟು ಅಲುಗಲಿಲ್ಲ.