ಹೆಸರಿಲ್ಲದವರ ಸೂತಕ

ನಮ್ಮ ಭಾವ ಪಂಢರಿನಾಥ ಮಾಸ್ತರರು ಸಿಂದಗಿಯಲ್ಲಿ ಕೂತು ಜಗತ್ತನ್ನು ರಿಪೇರಿ ಮಾಡಲು ಹೊರಟದ್ದು ಎಪ್ಪತ್ಮೂರರಲ್ಲಿ, ಮನೆಗೆ ರೇಡಿಯೋ ತಂದ ವರ್ಷ. ಹಿತ್ತಲ ಬಾಗಿಲಿನ ಚಿಲಕ ಮುರಿದು ಮೂರು ವರ್ಷವಾಗಿತ್ತು; ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಜಗತ್ತಿನ ಹಸಿವು ನೀಗಿಸಲು ಹನ್ನೆರಡು ಪುಟದ ಯೋಜನೆ, ಯುದ್ಧ ನಿಲ್ಲಿಸಲು ಏಳು ಪುಟದ್ದು, ಎರಡನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ದೊಡ್ಡ ದೊಡ್ಡ ಊರುಗಳ ದೊಡ್ಡ ದೊಡ್ಡ ಕಚೇರಿಗಳಿಗೆ ಕಳಿಸಿದರು. ಯುದ್ಧಕ್ಕೆ ಪುಟ ಯಾಕೆ ಕಡಿಮೆ ಎಂದು ನಾನು ಕೇಳಿದ್ದಕ್ಕೆ, ಹೊಟ್ಟೆ ತುಂಬಿದರೆ ಅರ್ಧ ಯುದ್ಧ ತಾನೇ ನಿಲ್ಲುತ್ತದೆ ಎಂದರು.

ನಾನು ಇಂಡಿ ಊರಿನ ಕಚೇರಿಯೊಂದರಲ್ಲಿ ಗುಮಾಸ್ತ. ತಿಂಗಳಿಗೊಮ್ಮೆ ಅಕ್ಕ ಭಾಗೀರಥೀಬಾಯಿಯನ್ನು ನೋಡಲು ಹೋಗುತ್ತಿದ್ದೆ. ಹೋದಾಗಲೆಲ್ಲ ಭಾವ ಒಂದು ಸುತ್ತು ಇಳಿದಿರುತ್ತಿದ್ದರು. ಟಪಾಲಿನ ರೇವಪ್ಪ ಮನೆ ಮುಂದೆ ಸೈಕಲ್ ನಿಲ್ಲಿಸದೆ ಹೋದನೆಂದರೆ ಅಂದು ಅವರಿಗೆ ಊಟ ಸೇರುತ್ತಿರಲಿಲ್ಲ. ಆಮೇಲೆ ನಿದ್ದೆಯೂ ಹೋಯಿತು. ಆ ಯೋಜನೆಗಳಿಗೆ ಉತ್ತರ ಹೊತ್ತು ರೇವಪ್ಪ ಒಂದು ದಿನವೂ ನಿಲ್ಲಿಸಲಿಲ್ಲ.

ಕೊನೆಗೆ ಭಾವ ಒಂದು ತೀರ್ಮಾನಕ್ಕೆ ಬಂದರು: ಜಗತ್ತನ್ನು ಉಳಿಸಲು ಆಗದಿದ್ದರೆ ಅದಕ್ಕಾಗಿ ದುಃಖಪಡುವುದಾದರೂ ತನ್ನ ಕರ್ತವ್ಯ. ದುಃಖಕ್ಕೂ ನಮ್ಮಲ್ಲಿ ಪದ್ಧತಿ ಇದೆ. ದೂರದ ಸಂಬಂಧಿಕರು ಸತ್ತ ಸುದ್ದಿ ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ಸ್ನಾನ. ಹತ್ತಿರದವರಾದರೆ ಹತ್ತು ದಿನ ಸೂತಕ. ಮನೆಯಲ್ಲಿ ಶುಭಕಾರ್ಯವಿಲ್ಲ, ಹೊರಗಿನವರು ಅಲ್ಲಿ ಉಣ್ಣುವುದಿಲ್ಲ. ಭೂಮಿಯ ಮೇಲಿನವರೆಲ್ಲ ಒಂದೇ ಕುಟುಂಬ ಎಂದು ಭಾವ ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಕುಟುಂಬವೆಂದ ಮೇಲೆ ಸೂತಕ ತಪ್ಪೀತೆ? ಎಲ್ಲೋ ಭೂಕಂಪವಾಯಿತೆಂದು ರೇಡಿಯೋ ಹೇಳಿತು. ಭಾವ ಧೋತರದ ಸಮೇತ ಬಚ್ಚಲಿಗೆ ನಡೆದರು.

ಅಂದಿನಿಂದ ದಿನಕ್ಕೆ ಮೂರು ವಾರ್ತೆ, ಮೂರು ಸ್ನಾನ. ನೀರು ತರುವವಳು ಮಗಳು ಜಾನಕಿ, ಬಾವಿ ಇರುವುದು ಎರಡು ಓಣಿಯಾಚೆ. ಜಗತ್ತಿನ ದುಃಖದ ಭಾರ ಎಷ್ಟೆಂದು ಆ ಹುಡುಗಿಯ ಸೊಂಟಕ್ಕೆ ಗೊತ್ತು.

ಊರವರು ನಗಲಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಮಾಸ್ತರರು ಋಷಿಯಾಗಿದ್ದಾರೆಂದು ಕಾಲಿಗೆ ಬೀಳಲು ಬಂದರು. ಋಷಿ ಊಟದ ನಡುವೆ ಎದ್ದು ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದುದನ್ನು ಮನೆಯವರು ಮಾತ್ರ ನೋಡುತ್ತಿದ್ದರು.

ಹೀಗಿರುವಾಗ ಜಾನಕಿಯನ್ನು ನೋಡಲು ಮನಗೂಳಿಯಿಂದ ಗಂಡಿನ ಕಡೆಯವರು ಬಂದರು. ಅಕ್ಕ ಉಪ್ಪಿಟ್ಟು ಕೊಟ್ಟಳು. ಅಷ್ಟರಲ್ಲಿ ವಾರ್ತೆ ಶುರುವಾಯಿತು, ಎಲ್ಲೋ ಹಡಗು ಮುಳುಗಿತ್ತು. ಭಾವ ಎದ್ದು ಹೋಗಿ, ನೀರು ಸೋರುವ ಧೋತರದಲ್ಲಿ ಬಂದು ಕೂತರು. ಯಾರು ತೀರಿಕೊಂಡರೆಂದು ಹುಡುಗನ ತಂದೆ ಗಾಬರಿಯಾಗಿ ಕೇಳಿದರು. ತೊಂಬತ್ತು ಜನ, ಹೆಸರು ಇನ್ನೂ ತಿಳಿದಿಲ್ಲ ಎಂದರು ಭಾವ. ಬಂದವರು ಉಪ್ಪಿಟ್ಟು ಮುಟ್ಟದೆ ಬಸ್ ಹಿಡಿದರು. ಜಾನಕಿಗೆ ಆಗ ಇಪ್ಪತ್ಮೂರು. ಜಗತ್ತಿನಲ್ಲಿ ಯಾರೂ ಸಾಯದ ಹತ್ತು ದಿನ ಕೂಡಿ ಬರುವ ತನಕ ಅವಳ ಮದುವೆ ಇಲ್ಲವೆಂದಾಯಿತು.

ನಾನು ಮುದ್ದೇಬಿಹಾಳಕ್ಕೆ ಹೋಗಿ ನಮ್ಮ ಆಚಾರ್ಯರನ್ನು ಕರೆತಂದೆ. ಅವರು ಜಾಣರು. ಸತ್ತವರ ಹೆಸರು, ಗೋತ್ರ ತಿಳಿಯದೆ ಸೂತಕ ಹಿಡಿಯುವಂತಿಲ್ಲ ಎಂದುಬಿಟ್ಟರು. ಗೆದ್ದೆವೆಂದುಕೊಂಡೆ. ಭಾವ ಒಂದು ದಿನ ಯೋಚಿಸಿದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವ ಪದ್ಧತಿ ಇದ್ದೇ ಇದೆ, ಇನ್ನು ಬೇಕಾದದ್ದು ಹೆಸರಷ್ಟೇ ಎಂದು ರೇಡಿಯೋ ಕೇಂದ್ರಕ್ಕೆ ಪತ್ರ ಬರೆಯತೊಡಗಿದರು. ಒಂದಕ್ಕೆ ಉತ್ತರವೂ ಬಂತು: ತಾವು ಕೋರಿದ ಹಾಡನ್ನು ಸಾಧ್ಯವಾದಾಗ ಪ್ರಸಾರ ಮಾಡಲಾಗುವುದು.

ಅದನ್ನು ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ಆ ಹೊತ್ತಿನಿಂದ ಊಟ ಬಿಟ್ಟರು. ಅಕ್ಕನ ಮುಖ ನೋಡಿ ನಾನು ರಜೆ ಹಾಕಿ ಅಲ್ಲೇ ಉಳಿದೆ. ನಾಲ್ಕನೆಯ ದಿನ ಬೆಳಗ್ಗೆ ವಾರ್ತೆ ಮುಗಿದು ಎಷ್ಟೋ ಹೊತ್ತಾದರೂ ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಲ್ಲಲಿಲ್ಲ. ಜಾನಕಿ ಇನ್ನೊಂದು ಕೊಡ ತಂದಿಟ್ಟಳು, ಆದರೆ ಎಂದಿನಂತೆ ತಿರುಗಿ ಹೋಗಲಿಲ್ಲ.

“ಅಪ್ಪಾ, ನಿಮಗ ಹೆಸರು ಬೇಕಲ್ಲ? ಜಾನಕಿ. ಗೋತ್ರ ನಿಮ್ಮದೇ ಅದ. ನನ್ನ ಸಲುವಾಗಿನೂ ಎರಡು ತಂಬಿಗಿ ಹಾಕ್ಕೊಂಡುಬಿಡ್ರಿ.”

ಭಾವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಮಗಳನ್ನು ನೋಡಿದರು. ಅವಳನ್ನು ಅವರು ಸರಿಯಾಗಿ ನೋಡಿ ವರ್ಷವಾಗಿತ್ತು.

“ನಾ ಬಿಟ್ಟರ ಅವರ ಸಲುವಾಗಿ ಯಾರು ಅಳ್ತಾರವ್ವಾ?”

“ಅವರಿಗೂ ಮಕ್ಕಳಿರ್ತಾವ, ಅಪ್ಪಾ. ಅವು ಅಳ್ತಾವ. ನೀವು ಹಿಂಗ ಹೋದರ ನಾ ಅಳಬೇಕಾಗ್ತದ.”

ಆಗ ಭಾವ ಅತ್ತರು. ಸಾವಿರಾರು ಸಾವಿಗೆ ಸ್ನಾನ ಮಾಡಿದ ಮನುಷ್ಯ ಅಲ್ಲಿಯ ತನಕ ಒಮ್ಮೆಯೂ ಅತ್ತಿರಲಿಲ್ಲವೆಂಬುದು ನನಗೆ ಹೊಳೆದದ್ದೇ ಆಗ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಇಷ್ಟು ದಿನ ಅವರನ್ನು ಆಡಿಕೊಂಡಿದ್ದೆನೇ ಹೊರತು, ಹತ್ತಿರ ಕೂತು ಏನಾಗುತ್ತಿದೆ ಎಂದು ಒಂದು ಮಾತು ಕೇಳಿರಲಿಲ್ಲ.

ಅವರು ಒಂದೇ ದಿನಕ್ಕೆ ಸರಿಹೋದರೆಂದರೆ ಸುಳ್ಳಾಗುತ್ತದೆ. ಬಾಗೇವಾಡಿಯ ಡಾಕ್ಟರು ಗುಳಿಗೆ ಕೊಟ್ಟರು. ವಾರ್ತೆ ದಿನಕ್ಕೊಂದಾಯಿತು, ಆಮೇಲೆ ವಾರಕ್ಕೊಂದು. ಯುಗಾದಿ ಕಳೆದ ಮೇಲೆ ತಾಳಿಕೋಟೆಯವರು ಬಂದು ಜಾನಕಿಯನ್ನು ಒಪ್ಪಿದರು. ಎಲ್ಲರೂ ಊಟಕ್ಕೆ ಕೂತಾಗ ಹುಡುಗನ ತಂದೆ, ಪಾಪ, ಮಾತಿಗೊಂದು ಮಾತೆಂದು, ಜಗತ್ತಿನಲ್ಲಿ ಏನು ಸುದ್ದಿ ಮಾಸ್ತರರೇ ಎಂದು ಕೇಳಿಬಿಟ್ಟರು. ಬಡಿಸುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಎದ್ದರೆ ಹಿಡಿದು ಕೂರಿಸೋಣವೆಂದು ನಾನು ಭಾವನ ಪಕ್ಕಕ್ಕೆ ಸರಿದೆ.

ಭಾವ ಏಳಲಿಲ್ಲ. ಎಲೆಯಿಂದ ತಲೆಯೆತ್ತಿ ಬೀಗರ ಕಡೆ ನೋಡಿದರು.

“ಸುದ್ದಿ ಒಂದೇ ಅದರಿ. ಜಾನಕಿ ನಿಮ್ಮ ಮನಿಗೆ ಬರ್ತಾಳ. ನನಗ ಇಲ್ಲೆ ಭಾಳ ಬ್ಯಾಸರ ಆಗ್ತದ,” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ ಇನ್ನೊಂದು ಹೋಳಿಗೆ ಕೇಳಿದರು.