ಪೈಂಟ್ ಡಬ್ಬದ ಅರಸಿನ

ನನ್ನ ಮೂಗು ಹೋದದ್ದು ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷದ ಜೂನ್ ತಿಂಗಳಲ್ಲಿ. ಮೂಗು ಇದ್ದಲ್ಲೇ ಇತ್ತು, ಮೂಗುಬೊಟ್ಟಿನ ಸಮೇತ. ಹೋದದ್ದು ವಾಸನೆ. ಐದು ದಿನ ಜ್ವರ ಮಲಗಿಸಿ ಬಿಟ್ಟಿತು. ಆರನೇ ದಿನ ಎದ್ದು ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಎಂದಿತು, ನನ್ನ ಮೂಗಿಗೆ ಮಾತ್ರ ಏನೂ ಬರಲಿಲ್ಲ. ಟಿವಿಯಲ್ಲಿ ಇನ್ಯಾರೋ ಅಡುಗೆ ಮಾಡುವುದನ್ನು ನೋಡುತ್ತಾ ನಿಂತ ಹಾಗಾಯಿತು.

ಕ್ಲಿನಿಕ್ಕಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ನರಕ್ಕೆ ಪೆಟ್ಟಾಗಿದೆ, ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದರು. ಹೊರಗೆ ಬಂದ ಮೇಲೆ ನನ್ನ ಗಂಡ ತಾರಾನಾಥ ಸಮಾಧಾನ ಮಾಡಲು ನೋಡಿದರು.

"ವಾಸನೆ ಅಲ್ವಾ ಮಾರಾಯ್ತಿ, ಕಣ್ಣು ಹೋಗ್ಲಿಲ್ಲ ಅಲ್ಲ? ಅಡುಗೆ ಹೇಗಿದ್ರೂ ನಾನು ತಿಂತೇನೆ."

"ನಿಮ್ಗೆ ತಿನ್ನುದೊಂದೇ ಚಿಂತೆ! ನಿಮ್ದು ಹೋಗ್ಬೇಕಿತ್ತು, ಆಗ ಗೊತ್ತಾಗ್ತಿತ್ತು" ಎಂದು ಕಾರಿನ ಬಾಗಿಲನ್ನು ದಡಾರನೆ ಹಾಕಿಕೊಂಡೆ.

ಅಡುಗೆಯ ಮಾತಾಗಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆ. ಉಪ್ಪು, ಹುಳಿ, ಖಾರ ನಾಲಗೆಗೆ ತಿಳಿಯುತ್ತದೆ. ನನ್ನ ಹೊಟ್ಟೆ ಉರಿದದ್ದು ಮಗಳಿಗಾಗಿ. ನಿಶ್ಮಿತಾಳಿಗೆ ಆಗ ಎಂಟು ತಿಂಗಳು. ಮೀಯಿಸಿ, ಒರೆಸಿ, ಎದೆಗೊತ್ತಿಕೊಂಡು ಅವಳ ಕತ್ತಿನ ಮಡಿಕೆಗೆ ಮೂಗು ತುರುಕುವುದು ನನ್ನ ದಿನದ ದೊಡ್ಡ ಸುಖವಾಗಿತ್ತು. ಈಗ ಮೂಗು ತುರುಕಿದರೆ ಬರೀ ಬಿಸಿ, ಬರೀ ಮೆತ್ತಗೆ. ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ. ನನ್ನ ಮೂಗು ಎರಡು ವರ್ಷ ಬಿಟ್ಟು ಬಂದರೆ ಏನು ಬಂತು? ಅಷ್ಟರಲ್ಲಿ ಅವಳಿಗೆ ಬೇರೆಯದೇ ವಾಸನೆ ಬಂದಿರುತ್ತದೆ. ಎಂಟು ತಿಂಗಳಿನದು ನನಗೆ ಇನ್ನು ಸಿಕ್ಕುವುದಿಲ್ಲ ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ವಿಚಿತ್ರವೆಂದರೆ ಕನಸಿನಲ್ಲಿ ವಾಸನೆ ಬರುತ್ತಿತ್ತು. ಮಧ್ಯಾಹ್ನ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದರೆ ಎಸಿ ಗುಂಯ್ಗುಡುತ್ತಿತ್ತು, ಹೊರಗಿನ ಧೂಳುಬಿಸಿಲು ಪರದೆಯೊಳಗೆ ಇಳಿದು ಕೋಣೆಯೆಲ್ಲ ಹಳದಿಯಾಗುತ್ತಿತ್ತು. ಕಣ್ಣು ಮುಚ್ಚಿದೆನೆಂದರೆ ಮೂಲ್ಕಿಯ ಅಮ್ಮನ ಒಲೆಯ ಮೇಲೆ ಅರಸಿನ ಎಲೆಯ ಗಟ್ಟಿ ಬೇಯುತ್ತಿರುತ್ತಿತ್ತು. ಎಲೆಗೆ ಅಕ್ಕಿಹಿಟ್ಟು ಸವರಿ, ಬೆಲ್ಲ ತೆಂಗಿನಕಾಯಿ ಇಟ್ಟು, ಮಡಚಿ ಹಬೆಗಿಟ್ಟ ಗಟ್ಟಿ. ಒಮ್ಮೆ ನಾನು ದೋಹಾದ ಕಡಲತಡಿಯ ರಸ್ತೆ ಕಾರ್ನಿಶ್‌ನ ಮೆಟ್ಟಿಲಿಳಿದು ಸಮುದ್ರಕ್ಕೆ ಕಾಲಿಟ್ಟೆ. ನೀರೆಲ್ಲ ಅರಸಿನ ನೀರು, ಮೊಣಕಾಲಿಗೆ ಬೆಚ್ಚಗೆ. ದೊಡ್ಡದೊಂದು ಅರಸಿನ ಎಲೆಯ ಮೇಲೆ ನಿಶ್ಮಿತಾ ಮಲಗಿಕೊಂಡು ತೇಲುತ್ತಾ ಬರುತ್ತಿದ್ದಳು, ಅವಳ ವಾಸನೆ ಅವಳಿಗಿಂತ ಮುಂಚೆ ಬರುತ್ತಿತ್ತು. ಎಚ್ಚರವಾದೊಡನೆ ಖಲಾಸ್. ಹಾಗಾಗಿ ಮಧ್ಯಾಹ್ನ ಯಾವಾಗ ಆದೀತೆಂದು ಕಾಯತೊಡಗಿದೆ. ಆ ಕನಸುಗಳಿಗೂ ನನ್ನಷ್ಟೇ ಕೊಬ್ಬು: ಮಲ್ಲಿಗೆ, ಗಟ್ಟಿ, ಮಗು ಇಷ್ಟೇ. ಒಂದು ದಿನವೂ ಕೆಟ್ಟ ವಾಸನೆಯೊಂದು ಒಳಗೆ ಬರಲಿಲ್ಲ.

ಇಲ್ಲಿ ನಾನು ಮಾಡಿದ ಒಂದು ಕೆಟ್ಟ ಕೆಲಸವನ್ನು ಹೇಳಲೇಬೇಕು. ದೋಹಾದ ನಜ್ಮಾ ಬಡಾವಣೆಯ ನಮ್ಮ ಹಳೇ ಬಿಲ್ಡಿಂಗಿನಲ್ಲಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಪಕ್ಕದ ಫ್ಲ್ಯಾಟಿನ ಅಡುಗೆಮನೆಯ ಕಿಟಕಿ. ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಗಾಳಿಗಂಡಿ. ಅಲ್ಲಿ ವಿಲಾಯಿ ಎಂಬ ಥಾಯ್ ಹೆಂಗಸು ಇದ್ದಳು. ನಲವತ್ತರ ಹತ್ತಿರದವಳು, ಅಲ್ ಗರಾಫಾದ ಲೇಡೀಸ್ ಸಲೂನಿನಲ್ಲಿ ಮೈ ತಿಕ್ಕುವ ಕೆಲಸ. ಮಧ್ಯಾಹ್ನ ಮನೆಗೆ ಬಂದು, ನಾಲ್ಕು ಗಂಟೆಗೆ ಮತ್ತೆ ಡ್ಯೂಟಿ. ಬಂದವಳೇ ಕಲ್ಲಿನ ಕುಟ್ಟಾಣಿಯಲ್ಲಿ ಹಸಿ ಅರಸಿನ, ಬೆಳ್ಳುಳ್ಳಿ, ಮೆಣಸು ಜಜ್ಜಿ, ಅದಕ್ಕೆ ಕೊಳೆಸಿದ ಸಿಗಡಿಯ ಕಪ್ಪು ಮುದ್ದೆ ಹಾಕುತ್ತಿದ್ದಳು. ಅಯ್ಯಬ್ಬಾ, ಆ ನಾತ! ಒಣಮೀನು ಸುಟ್ಟು ಗಂಜಿಗೆ ನೆಂಚಿಕೊಳ್ಳುವವಳೇ ನಾನೂ. ಆದರೆ ಅದು ನಮ್ಮ ಒಣಮೀನು, ಇದು ಅವಳ ಸಿಗಡಿ.

ಬಾಣಂತನ ಮುಗಿಸಿ ಊರಿನಿಂದ ಮಗುವಿನೊಡನೆ ಬಂದ ವಾರವೇ ನಾನು ಸಿಡಿದುಬಿದ್ದೆ. ಕಿಟಕಿ ಬಡಿದು, ಮೂಗು ಮುಚ್ಚಿ ತೋರಿಸಿ, ಸಿಟ್ಟಿನಲ್ಲಿ ಇಂಗ್ಲಿಷ್ ಬಾರದೆ, "ನಾತ! ನಾತ! ಮನೇಲಿ ಸಣ್ಣ ಮಗು ಉಂಟು, ಗೊತ್ತಾಗೂದಿಲ್ವಾ?" ಎಂದು ಕಿರುಚಿದೆ. ಅವಳು ಕಿಟಕಿ ಎಳೆದುಕೊಂಡಳು. ಮರುದಿನ ನೋಡಿದರೆ ಸಂದಿಗೆಲ್ಲ ಪೇಪರ್ ಹಚ್ಚಿ ಟೇಪ್ ಅಂಟಿಸಿದ್ದಳು. ಆಮೇಲೆ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಕೈ ಮುಗಿದು, "ಸಿಸ್ಟರ್, ಟುಡೇ ನೋ ನಾತ" ಎನ್ನುತ್ತಿದ್ದಳು. ನಮ್ಮ ಭಾಷೆಯಲ್ಲಿ ಅವಳು ಕಲಿತದ್ದು ಆ ಒಂದೇ ಶಬ್ದ, ಕಲಿಸಿದವಳು ನಾನು.

ಜುಲೈಯ ಒಂದು ಶುಕ್ರವಾರ ಬಟ್ಟೆ ಹರವಲು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ನಾಲ್ಕು ಪೈಂಟ್ ಡಬ್ಬಗಳು, ಅದರ ತುಂಬ ಅರಸಿನದ ಗಿಡ. ವಿಲಾಯಿ ಕುಕ್ಕರುಗಾಲಲ್ಲಿ ಕೂತು ಎಲೆಗೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ. ನಾನು ಒಂದು ಎಲೆ ಹರಿದು ಮೂಗಿಗೊತ್ತಿಕೊಂಡೆ. ಏನೂ ಇಲ್ಲ. ಮತ್ತೆ ಜಜ್ಜಿ ಒತ್ತಿಕೊಂಡೆ. ಕಣ್ಣಲ್ಲಿ ದಳದಳ ನೀರು ಬಂತು.

ಅವಳು ಗಾಬರಿಯಾದಳು. ನಾನು ನನ್ನ ಮೂಗು ತೋರಿಸಿ "ಮಾಫಿ" ಎಂದೆ. ಇಲ್ಲ ಎನ್ನಲು ಅದಕ್ಕಿಂತ ಸುಲಭದ ಮಾತು ಈ ಊರಿನಲ್ಲಿಲ್ಲ. ಮಗುವನ್ನು ಎತ್ತಿಕೊಂಡು ಮೂಸುವ ಹಾಗೆ ಮಾಡಿ, ಮತ್ತೆ "ಮಾಫಿ" ಎಂದೆ. ಅವಳಿಗೆ ಅರ್ಥವಾಯಿತು. ತನಗೂ ಒಬ್ಬಳು ಮಗಳಿದ್ದಾಳೆ, ವರ್ಷ ತುಂಬುವ ಮೊದಲೇ ತಾಯಿಯ ಕೈಯಲ್ಲಿ ಬಿಟ್ಟು ಬಂದೆ ಎಂದು ಮೊಬೈಲಿನ ಚಿತ್ರ ತೋರಿಸಿದಳು. "ಫೋಟೋದಲ್ಲಿ ಸ್ಮೆಲ್ ಮಾಫಿ, ಸಿಸ್ಟರ್" ಎಂದಳು. ನನಗೆ ನನ್ನ ಬಾಯಿಯ ಮೇಲೆ ಹೇಸಿಗೆಯಾಯಿತು.

"ಸಾರಿ" ಎಂದೆ, "ನಾತಕ್ಕೆ ಸಾರಿ."

ಅವಳು ನಕ್ಕುಬಿಟ್ಟಳು. ಆಮೇಲೆ ಬೆರಳಿನಿಂದ ಮಣ್ಣು ಕೆದಕಿ ಎಳೇ ಕೊಂಬೊಂದನ್ನು ಮುರಿದು ತೋರಿಸಿದಳು. ಅವಳ ಭಾಷೆಯಲ್ಲಿ ಖಮಿನ್. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಲೆಕ್ಕ ಹೇಳಿದಳು: ಹೊಟ್ಟೆ ಉಬ್ಬರಿಸಿದರೆ ಖಮಿನ್, ಸೊಳ್ಳೆ ಕಚ್ಚಿದರೆ ಖಮಿನ್, ಬಾಣಂತಿಯ ಮೈಗೆ ಖಮಿನ್, ಮೀನು ಹುರಿಯಲು ಬೆಳ್ಳುಳ್ಳಿಯ ಜೊತೆ ಖಮಿನ್. ನಾನು ಪ್ರತಿಯೊಂದಕ್ಕೂ "ಸೇಮ್ ಸೇಮ್" ಎಂದೆ. ಅವರ ಕಡಲೂರಿನಲ್ಲಿ ಹಳದಿ ಮೀನುಸಾರಿಗೆ ತೆಂಗಿನಕಾಯಿ ಹಾಕುವುದೇ ಇಲ್ಲ ಎಂದಾಗ ಮಾತ್ರ "ನೋ ಸೇಮ್! ತೆಂಗಿಲ್ಲದ್ದು ಎಂಥ ಮೀನುಸಾರು?" ಎಂದು ಜಗಳಕ್ಕೇ ನಿಂತೆ.

ಅಂದಿನಿಂದ ಪ್ರತಿ ಶುಕ್ರವಾರ ಅವಳು ನನ್ನನ್ನು ಚಾಪೆಯ ಮೇಲೆ ಮಲಗಿಸುತ್ತಿದ್ದಳು. ಅರಸಿನ, ಮಜ್ಜಿಗೆಹುಲ್ಲು, ನಿಂಬೆ ಜಾತಿಯ ಯಾವುದೋ ಸಿಪ್ಪೆ, ಕರ್ಪೂರ ಎಲ್ಲ ಬಿಳಿ ಬಟ್ಟೆಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿಟ್ಟು, ಮೂಗಿನ ಎರಡು ಬದಿಗೆ, ಹಣೆಗೆ, ಕೆನ್ನೆಗೆ ಒತ್ತುತ್ತಿದ್ದಳು. ಬಂದರೆ ಬಂತು, ಬಾರದಿದ್ದರೆ ಇಲ್ಲ ಎಂದು ಅವಳೂ ಡಾಕ್ಟರ ಮಾತನ್ನೇ ಆಡಿದಳು, ಆದರೆ ಅವಳ ಕೈ ಬೆಚ್ಚಗಿತ್ತು. ಆ ಬಿಸಿಯಲ್ಲಿ ನಾನು ಎಚ್ಚರವೋ ನಿದ್ದೆಯೋ ತಿಳಿಯದೆ ತೇಲುತ್ತಿದ್ದೆ. ಮುಖವೆಲ್ಲ ಹಳದಿಯಾಗಿ ಮನೆಗೆ ಬಂದರೆ ಇವರು, "ಎಂಥ ಲೀಲಾಕ್ಷಿ, ನಿಂಗೆ ಇನ್ನೊಂದು ಮದುವೆಯಾ?" ಎಂದು ಛೇಡಿಸುತ್ತಿದ್ದರು. ಮೂರು ಶುಕ್ರವಾರ ಕಳೆಯಿತು. ವಾಸನೆ ಬರಲಿಲ್ಲ.

"ಕಿಟಕಿಯ ಪೇಪರ್ ತೆಗೆ, ವಿಲಾಯಿ" ಎಂದು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ತಲೆ ಅಲ್ಲಾಡಿಸಿ, "ಬೇಬಿ ಸ್ಮಾಲ್, ನೋ ನಾತ" ಎನ್ನುತ್ತಿದ್ದಳು. ನಾನು ಬೈದದ್ದು ಅವಳಿಗೆ ಎಷ್ಟು ನಾಟಿತ್ತೆಂದು ಆಗ ತಿಳಿಯಿತು.

ಆಗಸ್ಟಿನಲ್ಲಿ ನಾಗರಪಂಚಮಿ ಬಂತು. ವಿಲಾಯಿ ತಾನಾಗಿಯೇ ಹನ್ನೆರಡು ಎಲೆ ಕೊಯ್ದು ಕೊಟ್ಟಳು; ನಾಲ್ಕು ಡಬ್ಬವೂ ಬೋಳಾಯಿತು. ನಾನು ಗಟ್ಟಿ ಮಾಡಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಇವರು ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಕಣ್ಣು ತೆರೆದು ನನ್ನ ಮುಖ ನೋಡಿ ಆಚೆಗೆ ಸರಿದರು. ಹಬೆ ನನ್ನ ಮುಖಕ್ಕೆ ಬಡಿಯಿತು, ಒದ್ದೆಯಾಯಿತು, ಅಷ್ಟೆ. ನಾಲ್ಕು ಗಟ್ಟಿಯನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ವಿಲಾಯಿಗೆ ಕೊಟ್ಟು ಬಂದೆ. ಅವಳು ಎಲೆ ಬಿಡಿಸಿ ಒಂದು ತುತ್ತು ಬಾಯಿಗಿಟ್ಟು, ಎಲೆಯನ್ನು ಮೂಗಿಗೊತ್ತಿಕೊಂಡಳು.

ಮರುದಿನ ಮಧ್ಯಾಹ್ನ ಮಗುವಿನ ಜೊತೆ ಮಲಗಿದೆ. ಮತ್ತೆ ಅದೇ ಹಳದಿ ನೀರು, ಅದೇ ಎಲೆ, ಎಲೆಯ ಮೇಲೆ ನಿಶ್ಮಿತಾ. ನಾನು ಬಾಗಿ ಅವಳ ಕತ್ತಿಗೆ ಮೂಗು ತರುವಷ್ಟರಲ್ಲಿ ಎಲ್ಲಿಂದಲೋ ಒಂದು ನಾತ ನುಗ್ಗಿತು. ಕೊಳೆತ ಸಮುದ್ರದ ನಾತ. ಮಗು, ಎಲೆ, ನೀರು ಎಲ್ಲ ಅದರಲ್ಲಿ ಮುಳುಗಿಹೋಯಿತು. ಛೀ, ಇದೆಂಥದು, ನನ್ನ ಕನಸಿಗೂ ಬಂತಾ ಎಂದು ಸಿಟ್ಟಿನಿಂದ ಮಗ್ಗುಲು ಬದಲಿಸಿದೆ. ಆಗ ಎಸಿಯ ಗುಂಯ್‌ ಕೇಳಿಸಿತು. ಕಣ್ಣು ತೆರೆದೇ ಇತ್ತು. ನಾತ ಇನ್ನೂ ಇತ್ತು. ನನ್ನ ಕನಸಿನಲ್ಲಿ ಇಂಥದು ಎಂದೂ ಬಂದಿರಲಿಲ್ಲ.

ಬಿದ್ದು ಎದ್ದು ಅಡುಗೆಮನೆಗೆ ಓಡಿದೆ. ಎದುರು ಕಿಟಕಿ ತೆರೆದಿತ್ತು, ಹರಿದ ಪೇಪರ್ ಟೇಪಿನಲ್ಲಿ ನೇತಾಡುತ್ತಿತ್ತು. ತಟ್ಟೆ ಕೊಡಲೆಂದೇ ತೆರೆದಿರಬೇಕು; ಅದನ್ನು ಖಾಲಿ ಕೊಡಬಾರದೆಂಬುದು ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ. ನನ್ನ ಸ್ಟೀಲಿನ ತಟ್ಟೆಯನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ವಿಲಾಯಿ ಅರಸಿನವನ್ನೂ ಸಿಗಡಿಯನ್ನೂ ದಬದಬ ಕುಟ್ಟುತ್ತಿದ್ದಳು.

"ನಾತ!" ಎಂದು ಕೂಗಿದೆ. "ವಿಲಾಯಿ, ನಾತ!"

ಅವಳ ಕೈಯಿಂದ ಕುಟ್ಟುವ ಕಲ್ಲು ಜಾರಿತು. ಮುಖ ಬಿಳಿಚಿಕೊಂಡಿತು. "ಸಾರಿ, ಸಾರಿ ಸಿಸ್ಟರ್" ಎನ್ನುತ್ತಾ ಕಿಟಕಿ ಎಳೆಯಲು ಬಂದಳು. ನಾನು ಗಾಳಿಗಂಡಿಗೆ ಅಡ್ಡಲಾಗಿ ಕೈ ಚಾಚಿ ಕಿಟಕಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಳು ಬಂತು. ಇನ್ನೊಂದು ಕೈಯಿಂದ ಮೂಗು ತೋರಿಸಿದೆ, ತಲೆಯಾಡಿಸಿದೆ, ಮತ್ತೆ ಮೂಗು ತೋರಿಸಿದೆ. ಅವಳು ನನ್ನನ್ನೇ ನೋಡಿದಳು.

"ನಾತ... ಗುಡ್?" ಎಂದು ಮೆಲ್ಲಗೆ ಕೇಳಿದಳು.

"ಗುಡ್, ಮಾರಾಯ್ತಿ, ಗುಡ್!"

ಅವಳು ಹಳದಿ ಬೆರಳುಗಳಿಂದ ನನ್ನ ಕೈ ಹಿಡಿದುಕೊಂಡಳು. ಒಳಗೆ ಮಗು ಎದ್ದು ಅಳತೊಡಗಿತು. ಓಡಿ ಹೋಗಿ ಎತ್ತಿಕೊಂಡು ಮಗಳ ಕತ್ತಿನ ಮಡಿಕೆಗೆ ಮೂಗು ತುರುಕಿದೆ. ವಿಲಾಯಿಯ ಸಿಗಡಿಯ ನಾತ ಅಲ್ಲಿಗೂ ಬಂದಿತ್ತು. ಅದರ ಅಡಿಯಲ್ಲಿ, ತೀರಾ ಸಣ್ಣಗೆ, ಹುಳಿಯಾದ ಹಾಲಿನ ವಾಸನೆ ಇತ್ತು.